ನಾಲ್ಕನೆಯ ಕಾಲು

ಗುಳ್ಳೆ ಮತ್ತೆ ಎಡಕ್ಕೆ ಸರಿಯಿತು. ಎದೆಮಟ್ಟದ ನೀರಿನಲ್ಲಿ ನಿಂತಿದ್ದ ಗೇಲನ್ ಸ್ಪ್ಯಾನರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹೊಸ ದೋಣಿಕಟ್ಟೆಯ ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಮಲಗಿದ್ದ ರಸಮಟ್ಟವನ್ನು ಉಸಿರು ಹಿಡಿದು ನೋಡಿದ. ಕಟ್ಟೆಯ ಬಲಗಾಲನ್ನು ಕೂದಲಷ್ಟು ಎತ್ತಿದರೆ ಗುಳ್ಳೆ ಬಲಕ್ಕೆ ಓಡುತ್ತದೆ, ಇಳಿಸಿದರೆ ಎಡಕ್ಕೆ. ನಿಲ್ಲಬೇಕಾದ ಕಡೆ ನಿಂತಿತೆಂದು ನಂಬಿ ಬೋಲ್ಟು ಬಿಗಿಯುವಷ್ಟರಲ್ಲಿ ತಳದ ಕೆಸರು ತನ್ನ ಪಾಲನ್ನು ನುಂಗಿ ಲೆಕ್ಕವನ್ನು ಕೆಡಿಸುತ್ತದೆ. ಅವನು ಬದುಕಿನುದ್ದಕ್ಕೂ ಕನ್ನಡಕದ ಗಾಜುಗಳನ್ನು ಉಜ್ಜಿದವನು. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸಗಳನ್ನು ಬೆರಳ ತುದಿಯಿಂದ ಹಿಡಿದು ಸರಿಪಡಿಸಿದವನು. ಆದರೆ ಗಾಜು ಕೊಟ್ಟ ಮಾತಿಗೆ ತಪ್ಪುವುದಿಲ್ಲ. ಅದನ್ನು ಮೇಜಿನ ಮೇಲಿಟ್ಟು ಮನೆಗೆ ಹೋಗಿ ಮಲಗಿದರೆ ಮರುದಿನವೂ ಅದು ಇಟ್ಟಂತೆಯೇ ಇರುತ್ತದೆ. ಈ ಸರೋವರದ ತಳಕ್ಕೆ ಅಂಥ ಶೀಲವಿರಲಿಲ್ಲ. ಮಂಜುಗಡ್ಡೆ ಒಡೆದು ಇನ್ನೂ ತಿಂಗಳಾಗಿರಲಿಲ್ಲವಾದ್ದರಿಂದ ನೀರು ರಬ್ಬರಿನ ಉಡುಪನ್ನು ದಾಟಿ, ಉಣ್ಣೆಯ ಕಾಲುಚೀಲವನ್ನು ದಾಟಿ, ಮೂಳೆಯೊಳಗೇ ಜಾಗ ಹುಡುಕುತ್ತಿತ್ತು. ಬೆರಳುಗಳು ಬೆಳಿಗ್ಗೆಯೇ ಮರಗಟ್ಟಿದ್ದವು. ತನ್ನ ಕೈಗಳು ಬೇರೆ ಯಾರದೋ ಕೈಗಳೆಂಬಂತೆ, ಅವು ಮಾಡುತ್ತಿರುವ ತಪ್ಪುಗಳಿಗೆ ತಾನು ಹೊಣೆಯಲ್ಲವೆಂಬಂತೆ ಅವನು ಅವುಗಳನ್ನು ನೋಡುತ್ತಿದ್ದ. ಆದರೆ ಹೊಣೆ ಅವನದೇ. ಸಂಜೆಯೊಳಗೆ ಈ ಕಟ್ಟೆ ನೇರವಾಗಿ ನಿಲ್ಲಬೇಕು, ಪಕ್ಕದಲ್ಲಿ ದೋಣಿ ಎತ್ತುವ ಲಿಫ್ಟು ನಿಲ್ಲಬೇಕು, ಅದರ ಮೇಲೆ ದೋಣಿ ಏರಬೇಕು. ಏಕೆಂದರೆ ಇವೆಲ್ಲವೂ ಕಳೆದ ಭಾನುವಾರವೇ ಆಗಿಹೋಗಿವೆಯೆಂದು ಅವನು ಅಣ್ಣನಿಗೆ ಹೇಳಿದ್ದ.

ಹೇಳಿದ್ದು ಫೋನಿನಲ್ಲಿ. ಆರ್ವಿಡ್ ಮಾಮೂಲಿನಂತೆ ಹವೆಯಿಂದ ಶುರುಮಾಡಿ, ಸೊಸೈಟಿಯ ಪೆಟ್ರೋಲಿನ ಬೆಲೆಗೆ ಬಂದು, ಕೊನೆಗೆ ತನಗೇನೂ ಅದರಲ್ಲಿ ಅಂಥ ಆಸಕ್ತಿಯಿಲ್ಲವೆಂಬ ದನಿಯಲ್ಲಿ, "ಮತ್ತೆ, ಕಟ್ಟೆ ಯಾವಾಗ ಹಾಕೋಣ? ನಾನು ನೀರಿಗಿಳಿಯೋ ಹಾಗಿಲ್ಲ. ದಡದಲ್ಲಿ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ, ಹೇಳ್ತಾ ಹೋಗ್ತೀನಿ, ನೀನು ಮಾಡ್ತಾ ಹೋಗು" ಎಂದಿದ್ದ. ಆ ಕುರ್ಚಿ ಗೇಲನ್‌ನ ಕಣ್ಣಿಗೆ ಕಟ್ಟಿತು. ಮಡಿಲ ಮೇಲೆ ಕಂಬಳಿ, ಕಂಬಳಿಯ ಮೇಲೆ ಕಾಫಿಯ ಫ್ಲಾಸ್ಕು, ಫ್ಲಾಸ್ಕಿನ ಹಿಂದಿನಿಂದ ಬರುವ ಆ ಶಾಂತವಾದ ದನಿ. "ಹಾಕಿಯಾಯ್ತು" ಎಂದುಬಿಟ್ಟ. "ಲಿಫ್ಟೂ ಆಯ್ತು. ದೋಣೀನೂ ಮೇಲೇರಿದೆ." ಆಚೆಯಿಂದ ಆರ್ವಿಡ್ ಕೇಳಿದ: "ಓ. ಒಬ್ನೇನಾ?" "ಒಬ್ನೇ." "ಓ. ಸರಿ ಹಾಗಾದ್ರೆ. ಶುಕ್ರವಾರ ಸಂಜೆ ಬರ್ತೀವಿ. ನಿನ್ನತ್ತಿಗೆ ಮಾರ್ಲಿಸ್ ಊಟಕ್ಕೆ ಹಾಟ್‌ಡಿಶ್ ಮಾಡ್ಕೊಂಡು ಬರ್ತಾಳೆ." ಆ ಭಾನುವಾರ ಕಟ್ಟೆಯ ತುಂಡುಗಳು ಇನ್ನೂ ಅಂಗಡಿಯವನ ಹಿತ್ತಲಿನಲ್ಲಿ ರಟ್ಟಿನ ಪೆಟ್ಟಿಗೆಯೊಳಗೇ ಇದ್ದವು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಸುಳ್ಳು ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆದುಹೋಯಿತು, ಅವನು ಅದನ್ನು ಹಿಡಿಯಲು ಹಿಂದೆ ಓಡಬೇಕಾಯಿತು. ಐದು ದಿನವಿದೆಯೆಂದುಕೊಂಡಿದ್ದ. ಅಂಗಡಿಯವನು ತಲುಪಿಸಿದ್ದು ನಿನ್ನೆ. ಇಂದು ಶುಕ್ರವಾರ. ನಾಳೆ ವಾಲೈ ಮೀನು ಹಿಡಿಯುವ ಋತು ತೆರೆಯುವ ದಿನ. ಮಿನೆಸೋಟದ ಅರ್ಧ ಜನ ನೀರಿನ ಮೇಲಿರುವ ದಿನ. ಅಷ್ಟರಲ್ಲಿ ಕಟ್ಟೆ ಹಾಕದ ಮನೆಯವರನ್ನು ಈ ದಂಡೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ. ಅನ್ನದೇ ಇರುವುದನ್ನು ಮಾತ್ರ ಎಲ್ಲರೂ ಚೆನ್ನಾಗಿ ಬಲ್ಲರು.

ಚಳಿಗಾಲದ ಮಂಜುಗಡ್ಡೆ ಮುರಿಯದಂತೆ ಇಲ್ಲಿ ಪ್ರತಿವರ್ಷ ಕಟ್ಟೆಯನ್ನು ಬಿಚ್ಚಿ ದಡಕ್ಕೆ ತಂದು, ವಸಂತದಲ್ಲಿ ಮತ್ತೆ ಹಾಕಬೇಕು. ಅಪ್ಪ ಕಟ್ಟಿದ ಹಳೆಯ ಕಟ್ಟೆ ದೇವದಾರಿನದು. ಒಂದೊಂದು ಹಲಗೆಮಂಚವೂ ಹೆಣದಷ್ಟು ಭಾರ. ಕಬ್ಬಿಣದ ಕೊಳವೆಗಳನ್ನು ತಳಕ್ಕೆ ಊರಿ, ಅವುಗಳ ನಡುವೆ ಮಂಚವನ್ನು ತೂಗಿಹಾಕಿ ಬಿಗಿಯಬೇಕು. ಅಪ್ಪನ ಕಾಲದಲ್ಲಿ ರಸಮಟ್ಟ ಅಪ್ಪನ ಕೈಯಲ್ಲಿ, ಸ್ಪ್ಯಾನರು ಆರ್ವಿಡ್‌ನ ಕೈಯಲ್ಲಿ. ಅಪ್ಪ ಸತ್ತ ಮೇಲೆ ಎರಡೂ ಆರ್ವಿಡ್‌ನ ಕೈಯಲ್ಲಿ. ಗೇಲನ್‌ನ ಪಾಲಿಗೆ ಬಂದದ್ದು ಮಂಚದ ಇನ್ನೊಂದು ತುದಿ. "ನೀನು ಸುಮ್ನೆ ಹಿಡ್ಕೋ." ಆರನೆಯ ತರಗತಿಯಲ್ಲಿದ್ದಾಗಲೂ ಅದೇ ಮಾತು, ಮದುವೆಯಾದ ವರ್ಷವೂ ಅದೇ ಮಾತು, ತಲೆ ನರೆತ ಮೇಲೂ ಅದೇ ಮಾತು. ಹಿಡಿದುಕೊಂಡು ನಿಂತವನಿಗೆ ನೋಡಲು ಆಕಾಶವಲ್ಲದೆ ಬೇರೇನೂ ಇರುವುದಿಲ್ಲ. ಸೊಂಟದವರೆಗಿನ ತಣ್ಣೀರಿನಲ್ಲಿ ಅವನು ಎಷ್ಟೋ ವಸಂತಗಳ ಮೋಡಗಳನ್ನು ನೋಡಿದ್ದ. ತಳದಲ್ಲಿ ಏನಿದೆ, ಎಲ್ಲಿ ಕಲ್ಲು, ಎಲ್ಲಿ ಮರಳು ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದರೆ ಅವರು ಹೇಳುತ್ತಿದ್ದರೇನೋ. ಹೇಳುತ್ತಿರಲಿಲ್ಲವೆಂದು ನಂಬುವುದು ಹೆಚ್ಚು ಸುಲಭವಾಗಿತ್ತು. ಫೆಬ್ರವರಿಯಲ್ಲಿ ಆರ್ವಿಡ್‌ನ ಎದೆಯನ್ನು ಸೀಳಿ ಹೃದಯದ ಕವಾಟ ಬದಲಿಸಿದಾಗ ಗೇಲನ್ ಆಸ್ಪತ್ರೆಯ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ಮಾರ್ಲಿಸ್ ಅತ್ತಿಗೆ ಪಕ್ಕದಲ್ಲಿ ಹೆಣಿಗೆಯ ಕಡ್ಡಿ ಹಿಡಿದು, ಹೆಣೆಯದೆ ಕೂತಿದ್ದಳು. ಅಲ್ಲಿ, ಎದುರು ಗೋಡೆಯ ಮೇಲಿನ ಹೂವಿನ ಚಿತ್ರವನ್ನು ನೋಡುತ್ತಿದ್ದಾಗ, ಅವನ ಮನಸ್ಸಿನಲ್ಲಿ ಒಂದು ವಾಕ್ಯ ಪೂರ್ತಿಯಾಗಿ, ಯಾರೋ ಬರೆದುಕೊಟ್ಟಂತೆ ಬಂದು ನಿಂತಿತು: ಇನ್ನು ಮುಂದೆ ಕಟ್ಟೆಯನ್ನು ನಾನು ನನಗೆ ಬೇಕಾದ ಹಾಗೆ ಹಾಕಬಹುದು. ದುಃಖವೂ ಅಲ್ಲ, ಭಯವೂ ಅಲ್ಲ, ಕಟ್ಟೆ. ಒಂದು ಗಂಟೆಯ ಬಳಿಕ ವೈದ್ಯರು ಬಂದು ಎಲ್ಲ ಸರಿಹೋಯಿತೆಂದಾಗ ಮಾರ್ಲಿಸ್ ಅವನ ತೋಳು ಹಿಡಿದು ಅತ್ತಳು. ಅವನೂ ಅತ್ತ. ಅವಳು ಅದನ್ನು ಅಣ್ಣನ ಮೇಲಿನ ಪ್ರೀತಿಯೆಂದುಕೊಂಡಳು, ಆಮೇಲೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು. ಅದು ಪ್ರೀತಿಯೂ ಇರಬಹುದು. ಆದರೆ ಆ ವಾಕ್ಯ ಹೋಗಲಿಲ್ಲ. ಏಪ್ರಿಲ್ಲಿನಲ್ಲಿ ಅದು ಅವನನ್ನು ಅಂಗಡಿಗೆ ಕರೆದೊಯ್ದು ಹೊಸ ಕಟ್ಟೆಯನ್ನೂ ಲಿಫ್ಟನ್ನೂ ಕೊಳ್ಳುವಂತೆ ಮಾಡಿತು. ಕಳೆದ ವಾರ ಅವನ ಕೈಗೆ ಯಂತ್ರದ ಗರಗಸ ಕೊಟ್ಟು, ಶೆಡ್ಡಿನ ಹಿಂದೆ ಅಪ್ಪನ ಹಲಗೆಗಳನ್ನು ತುಂಡುಮಾಡಿಸಿತು. ಅಣ್ಣನನ್ನು ಒಂದು ಮಾತೂ ಕೇಳದೆ. ಅಪ್ಪನಿಂದ ಬಂದ ಈ ದಂಡೆಯ ಮನೆ ಇಬ್ಬರದೂ, ಕಟ್ಟೆಯೂ ಇಬ್ಬರದೇ ಆಗಿತ್ತು.

"ಏನ್ ಸಾರ್, ಯುದ್ಧಾನಾ?"

ಪಕ್ಕದ ದಂಡೆಯಲ್ಲಿ ರೂಡಿ ಕ್ಯಾಂಟ್ರೆಲ್ ನಿಂತಿದ್ದ. ಹೋದ ಬೇಸಿಗೆಯಲ್ಲಿ ಟೆಕ್ಸಸ್‌ನಿಂದ ಬಂದು ಪಕ್ಕದ ಮನೆ ಕೊಂಡವನು. ತೋಳುಗಳು ಬೇಲಿಯ ಕಂಬಗಳಂತೆ. ಅವನು ಎಲ್ಲರನ್ನೂ ಸಾರ್ ಎನ್ನುತ್ತಿದ್ದ, ಅಂಚೆಯವನನ್ನೂ. ಅದು ಗೌರವವೋ ತಮಾಷೆಯೋ ತಿಳಿಯದೆ ದಂಡೆಯ ಜನ ಒಂದು ವರ್ಷದಿಂದ ಮುಜುಗರಪಡುತ್ತಿದ್ದರು.

"ಏನಿಲ್ಲ, ಸಣ್ಣ ಕೆಲಸ" ಎಂದ ಗೇಲನ್.

"ಬರ್ಲಾ? ಒಂದು ಕೈ ಹಾಕ್ತೀನಿ."

"ಅಯ್ಯೋ ಬೇಡ ಬೇಡ. ಇನ್ನೇನು ಮುಗೀತು."

"ನಿಜವಾಗ್ಲೂ? ನಂಗಿವತ್ತು ಏನೂ ಕೆಲಸ ಇಲ್ಲ ಸಾರ್. ಆ ಲಿಫ್ಟು ನೋಡಿದ್ರೆ ಆನೆ ಇದ್ದ ಹಾಗಿದೆ."

"ಇಲ್ಲ ಇಲ್ಲ. ನೀವ್ಯಾಕೆ ಸುಮ್ನೆ ಒದ್ದೆಯಾಗ್ತೀರಿ."

ಇಷ್ಟು ಹೇಳಿ ಗೇಲನ್ ಕಾದ. ಮೂರನೆಯ ಸಲಕ್ಕೆ ಕೊಡಬೇಕಾದ ಉತ್ತರವನ್ನು ನಾಲಿಗೆಯ ತುದಿಯಲ್ಲಿ ಸಿದ್ಧಮಾಡಿಟ್ಟುಕೊಂಡ: ಹಾಗೇನಾದ್ರೂ ನಿಮಗೆ ತೊಂದರೆ ಇಲ್ಲ ಅಂದ್ರೆ, ಒಂದೇ ಒಂದು ನಿಮಿಷ. ಅವನು ಹುಟ್ಟಿದಂದಿನಿಂದ ಕೇಕಿನ ತುಂಡಾಗಲಿ, ಕಾರಿನಲ್ಲಿ ಜಾಗವಾಗಲಿ, ಹಿಮದಲ್ಲಿ ಹೂತ ಗಾಡಿಯನ್ನು ತಳ್ಳುವ ಸಹಾಯವಾಗಲಿ, ಎಲ್ಲವೂ ಮೂರನೆಯ ಸಲವೇ ಅವನ ಕೈಗೆ ಬಂದಿದ್ದವು. ಮೊದಲನೆಯದು ಕೇಳುವವನ ಮರ್ಯಾದೆಗೆ, ಎರಡನೆಯದು ಕೇಳಿಸಿಕೊಳ್ಳುವವನ ಮರ್ಯಾದೆಗೆ, ಮೂರನೆಯದು ಮಾತ್ರ ನಿಜವಾದ ಪ್ರಶ್ನೆ. ಅದಿಲ್ಲದೆ ಹೂಂ ಅನ್ನುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

"ಸರಿ ಸಾರ್, ಹಾಗಾದ್ರೆ ನೀವೇ ರಾಜ!" ಎಂದ ರೂಡಿ ಹೆಬ್ಬೆರಳೆತ್ತಿ ತೋರಿಸಿ, ಟ್ರಕ್ಕು ಹತ್ತಿ ಪೇಟೆಯ ಕಡೆಗೆ ಹೊರಟುಹೋದ.

ಟ್ರಕ್ಕಿನ ಧೂಳು ಬರ್ಚ್ ಮರಗಳ ನಡುವೆ ಅಡಗುವವರೆಗೂ ಗೇಲನ್ ನೋಡುತ್ತ ನಿಂತ. ಮೊದಲು ಸಿಟ್ಟು ಬಂದದ್ದು ರೂಡಿಯ ಮೇಲೆ. ಎಂಥ ಮನುಷ್ಯ! ನೀರಿನಲ್ಲಿ ಒಬ್ಬ ಮುಳುಗುತ್ತಿದ್ದರೂ ಎರಡು ಸಲ ಕೇಳಿ ಟೋಪಿಯೆತ್ತಿ ಹೋಗುವ ಜಾತಿ. ಮರುಕ್ಷಣ ಆ ಸಿಟ್ಟು ತಿರುಗಿ ತನ್ನ ಮೇಲೆಯೇ ಬಂತು. ಬೇಡವೆಂದದ್ದು ತಾನು. ಎರಡು ಸಲ, ನಗುನಗುತ್ತ. ಆ ನಗು ಇನ್ನೂ ಮುಖದ ಮೇಲೆ ಒಣಗಿದ ಸೋಪಿನಂತೆ ಬಿಗಿದುಕೊಂಡಿತ್ತು. ಅವನು ರಸಮಟ್ಟವನ್ನು ಎತ್ತಿ ಹುಲ್ಲಿನ ಮೇಲೆಸೆದ. ಕಟ್ಟೆ ಎಡಕ್ಕೆ ಸ್ವಲ್ಪ ಎತ್ತರವಾಗಿದ್ದರೆ ಇರಲಿ, ನಡೆಯುವವರಿಗೆ ಗೊತ್ತಾಗುವುದಿಲ್ಲ. ಆರ್ವಿಡ್‌ಗೆ ಗೊತ್ತಾಗುತ್ತದೆ. ಆದರೆ ಅವನು ಹೇಳುವುದಿಲ್ಲ. ಹೇಳದಿರುವುದನ್ನು ಇಡೀ ಬೇಸಿಗೆ ಹೇಳದೆ ಉಳಿಸಿಕೊಳ್ಳುತ್ತಾನೆ.

ಲಿಫ್ಟು ಒಂದು ಬಾಗಿಲಿಲ್ಲದ ಪಂಜರದಂತಿತ್ತು. ನಾಲ್ಕು ಕಾಲು, ನಡುವೆ ದೋಣಿಯನ್ನು ಹೊರುವ ತೊಟ್ಟಿಲು, ಪಕ್ಕದಲ್ಲಿ ಗಾಡಿಯ ಗಾಲಿಯಷ್ಟು ದೊಡ್ಡದಾದ ಕೈಚಕ್ರ. ಚಕ್ರ ತಿರುಗಿಸಿದಂತೆ ತಂತಿಹಗ್ಗ ಸುತ್ತಿಕೊಂಡು ತೊಟ್ಟಿಲು ಮೇಲೇರಬೇಕು. ಮೇಲೇರಿದ ಮೇಲೆ ಚಕ್ರಕ್ಕೆ ತಡೆಗೊಕ್ಕೆ ಹಾಕಬೇಕು. ಸಾಗಿಸಲು ಕೊಟ್ಟಿದ್ದ ಪುಟ್ಟ ಗಾಲಿಗಳ ಮೇಲೆ ಅದನ್ನು ದಂಡೆಯಿಂದ ನೀರಿಗಿಳಿಸುವಾಗ ಅದು ತನಗೆ ಬೇಕಾದ ಕಡೆ ಹೊರಳಿತು, ಅವನು ತನಗೆ ಬೇಕಾದ ಕಡೆ ಎಳೆದ. ಒಂದು ಸಲ ಅವನ ಕಾಲು ಜಾರಿ ರಬ್ಬರಿನ ಉಡುಪಿನೊಳಗೆ ನೀರು ನುಗ್ಗಿತು. ಆ ಚಳಿಗೆ ಬಾಯಿಂದ ಬಂದ ಶಬ್ದವನ್ನು ಯಾರಾದರೂ ಕೇಳಿದರೇನೋ ಎಂದು ಸುತ್ತ ನೋಡಿದ. ದೂರದಲ್ಲಿ ಒಂದು ಲೂನ್ ಹಕ್ಕಿ ಮಾತ್ರ ಮುಳುಗಿ ಎದ್ದಿತು. ಕೊನೆಗೆ ನಾಲ್ಕೂ ಕಾಲು ತಳ ಮುಟ್ಟಿದವು. ದೋಣಿಯನ್ನು ತಂದು ತೊಟ್ಟಿಲಿನ ಮೇಲೆ ನಿಲ್ಲಿಸಿ, ಕಟ್ಟೆಯ ಮೇಲೇರಿ, ಎರಡೂ ಕೈಯಲ್ಲಿ ಚಕ್ರ ಹಿಡಿದು ಎಳೆದ. ದೋಣಿ ಕದಲಿತು. ಎದ್ದಿತು. ಅದರ ಹೊಟ್ಟೆಯಿಂದ ನೀರು ಸುರಿಯುವ ಸದ್ದು ಕೇಳಿದಾಗ ಅವನೊಳಗೆ ಏನೋ ಒಂದು ಸಡಿಲವಾಯಿತು. ಇಲ್ಲದ ಜನರ ಮುಂದೆ, ನೋಡಿ, ಎಂದು ಹೇಳಬೇಕೆನಿಸಿತು. ಆಗ ಆಳದ ಕಡೆಗಿದ್ದ ಮೂಲೆಯ ಕಾಲು, ನಾಲ್ಕನೆಯದು, ಅವಸರವೇ ಇಲ್ಲದೆ, ಮುದುಕ ಕುರ್ಚಿಯಲ್ಲಿ ಕೂರುವಂತೆ ಕೆಸರಿನಲ್ಲಿ ಕೂತಿತು. ಪಂಜರ ವಾಲಿತು. ದೋಣಿ ವಾಲಿತು. ಅವನು ಹೇಗೋ ತಡೆಗೊಕ್ಕೆ ಹಾಕಿದ. ದೋಣಿಯ ಒಂದು ಅಂಚು ನೀರಿಗೆ ಮುತ್ತಿಡುವಷ್ಟು ಬಾಗಿತ್ತು. ಇಳಿಸಿದರೆ ಜಾರಿ ಮಗುಚಬಹುದು. ಎತ್ತಿದರೆ ಇನ್ನಷ್ಟು ವಾಲಬಹುದು. ಆ ಸ್ಥಿತಿಯಲ್ಲಿ ಅದನ್ನು ಬಿಟ್ಟು, ತಾನು ಅತ್ಯಂತ ತಾಳ್ಮೆಯಿಂದ ಯೋಚಿಸುತ್ತಿದ್ದೇನೆಂದು ಆ ಹೊತ್ತಿನಲ್ಲಿ ಅವನಿಗನಿಸಿತು. ಕಾಲಿನ ಕೆಳಗೊಂದು ಅಗಲವಾದ ಹಲಗೆ ಕೊಟ್ಟರೆ ಕೆಸರು ನುಂಗುವುದಿಲ್ಲ. ಶೆಡ್ಡಿನ ಹಿಂದಿನಿಂದ ಅಪ್ಪನ ದೇವದಾರಿನ ಒಂದು ತುಂಡು ತಂದು, ನೀರಿನಲ್ಲಿ ಅದುಮಿ ಕಾಲಿನ ಬುಡಕ್ಕೆ ತೂರಿಸಲು ಹೋದ. ಹಲಗೆ ತೇಲಿ ಮೇಲೆ ಬಂತು. ಮತ್ತೆ ಅದುಮಿದ. ಕೈ ಬದಲಿಸುವಷ್ಟರಲ್ಲಿ ಅದು ಗದ್ದದ ಹತ್ತಿರ ಎದ್ದು ನಿಂತಿತು. ಕಾಲಿನಿಂದ ತುಳಿದು ಹಿಡಿದ. ತನ್ನ ಕಾಲು ಹಲಗೆಯ ಮೇಲಿದ್ದಾಗ ಲಿಫ್ಟನ್ನು ಎತ್ತುವವರಿಲ್ಲ, ಲಿಫ್ಟನ್ನು ಹೆಗಲಿನಿಂದ ಎತ್ತಿದಾಗ ಹಲಗೆಯನ್ನು ತುಳಿಯುವವರಿಲ್ಲ. ಇಬ್ಬರಿಗೆ ಕೊಟ್ಟ ಲೆಕ್ಕವನ್ನು ಒಬ್ಬನೇ ಬಿಡಿಸಲು ಕೂತರೆ ಎಷ್ಟು ಸಲ ಭಾಗಿಸಿದರೂ ಶೇಷ ಉಳಿಯುತ್ತದೆ. ಆ ಶೇಷ ಈಗ ನೀರಿನ ಮೇಲೆ ಆರಾಮಾಗಿ ತೇಲುತ್ತ, ಅವನ ಎದೆಗೆ ಮೆಲ್ಲಗೆ ಡಿಕ್ಕಿ ಹೊಡೆಯುತ್ತಿತ್ತು. ಅವನು ಅದನ್ನು ಮುಷ್ಟಿಯಿಂದ ಗುದ್ದಿದ. ನೀರು ಮುಖಕ್ಕೆ ಹಾರಿತು. ಇನ್ನೊಮ್ಮೆ ಗುದ್ದಿದ. ಜೀವವಿಲ್ಲದ ಒಂದು ತುಂಡು ಮರವನ್ನು, ಅಪ್ಪನ ಮೊಳೆಯ ತೂತುಗಳಿದ್ದ ಮರವನ್ನು, ಐವತ್ತೇಳು ವರ್ಷದ ಮನುಷ್ಯ ಗುದ್ದುತ್ತಿದ್ದಾಗ ದಂಡೆಯಲ್ಲಿ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು.

"ಗೇಲನ್! ಬೇಗ ಬಂದುಬಿಟ್ವಿ ಕಣೋ" ಎನ್ನುತ್ತ ಮಾರ್ಲಿಸ್ ಟವೆಲಿನಲ್ಲಿ ಸುತ್ತಿದ ಬಿಸಿ ಪಾತ್ರೆ ಹಿಡಿದು ಇಳಿದು ಬಂದಳು. "ಏನ್ ಮಾಡ್ಲಿ, ನಿಮ್ಮಣ್ಣ ಮಧ್ಯಾಹ್ನದಿಂದ ಕಾರಲ್ಲಿ ಹೋಗಿ ಕೂತಿದ್ದ, ತಿರುಗಾಟಕ್ಕೆ ಹೊರಟ ನಾಯಿ ಹಾಗೆ. ಅಯ್ಯೋ, ನೀನ್ಯಾಕೋ ನೀರಲ್ಲಿದ್ದೀ?"

"ಸುಮ್ನೆ. ಒಂಚೂರು ಸರಿಮಾಡ್ತಿದ್ದೆ."

ಆರ್ವಿಡ್ ಅವಳ ಹಿಂದೆ ಬಂದ. ಅಂಗಿಯ ಕೊರಳಪಟ್ಟಿ ಕತ್ತಿನ ಸುತ್ತ ಸಡಿಲವಾಗಿ ನಿಂತಿತ್ತು. ಚಳಿಗಾಲ ಅವನಿಂದ ಬಹಳಷ್ಟನ್ನು ಕೆತ್ತಿ ತೆಗೆದಿತ್ತು. ಹುಲ್ಲು ಮುಗಿಯುವಲ್ಲಿ ನಿಂತು ಹೊಸ ಕಟ್ಟೆಯನ್ನು ನೋಡಿದ, ವಾಲಿದ ಲಿಫ್ಟನ್ನು ನೋಡಿದ, ಓರೆಯಾಗಿ ನೇತಾಡುವ ದೋಣಿಯನ್ನು ನೋಡಿದ, ತೇಲುವ ಹಲಗೆಯನ್ನೂ ನೋಡಿದ.

"ಹ್ಞೂಂ" ಎಂದ. "ಬೇರೆ ಥರಾ ಇದೆ."

ಗೇಲನ್‌ಗೆ ಕಪಾಳಕ್ಕೆ ಹೊಡೆದಂತಾಯಿತು. ಅವರ ಮನೆಯಲ್ಲಿ ಉಪ್ಪು ಹೆಚ್ಚಾದ ಸಾರು ಬೇರೆ ಥರ ಇರುತ್ತಿತ್ತು. ಚರ್ಚಿಗೆ ಗಿಟಾರು ತಂದ ಹೊಸ ಪಾದ್ರಿ ಬೇರೆ ಥರ ಇದ್ದ. ಗೇಲನ್‌ನ ಮೊದಲ ಹೆಂಡತಿಯನ್ನು ಅಮ್ಮ ಒಂದೇ ಸಲ ನೋಡಿ, ಹುಡುಗಿ ಬೇರೆ ಥರಾ ಇದ್ದಾಳೆ ಎಂದಿದ್ದಳು. ಆ ಮದುವೆ ಅಲ್ಲಿಗೇ ಮುಗಿದಂತಾಗಿತ್ತು. ಅದಕ್ಕಿಂತ ಕಟುವಾದ ಮಾತು ಆ ಮನೆಯವರ ಬಾಯಿಂದ ಎಂದೂ ಬಂದದ್ದಿಲ್ಲ.

"ಎಷ್ಟು ಚೆನ್ನಾಗಿ ಹೊಳೀತಿದೆ" ಎಂದಳು ಮಾರ್ಲಿಸ್. ಅದು ಸಹಾಯಕ್ಕೆ ಬರಲಿಲ್ಲ.

"ಗಾಳಿ ದಕ್ಷಿಣದ್ದು" ಎಂದ ಆರ್ವಿಡ್.

"ಹೌದು."

"ನಾಳೆ ಕಚ್ಚತ್ತೆ ಮೀನು."

"ಕಚ್ಚಬಹುದು."

"ಹಳೇದೆಲ್ಲಿ?"

ಗೇಲನ್ ಕಾಯುತ್ತಿದ್ದ ಪ್ರಶ್ನೆ ಬಂದಿತ್ತು. ಬಂದ ರೀತಿ ಮಾತ್ರ, ಸುತ್ತಿಗೆ ಎಲ್ಲಿಟ್ಟೆ ಎಂದು ಕೇಳಿದಂತಿತ್ತು. "ಶೆಡ್ಡಿನ ಹಿಂದೆ."

"ಪೇರಿಸಿದ್ಯಾ?"

"ಕೊಯ್ದೆ."

"ಓ." ಆರ್ವಿಡ್ ಗದ್ದ ಕೆರೆದುಕೊಂಡ. "ಉದ್ದಕ್ಕಾ, ಅಡ್ಡಕ್ಕಾ?"

"ಅಡ್ಡಕ್ಕೆ."

"ಒಲೆಗೆ ಸರಿಹೋಗತ್ತೆ ಹಾಗಾದ್ರೆ."

ಅಷ್ಟೆ. ಗೇಲನ್ ನೀರಿನಲ್ಲಿ ನಿಂತೇ ಮುಂದಿನದಕ್ಕಾಗಿ ಕಾದ. ಬೈಗುಳಕ್ಕೆ ಅವನಲ್ಲಿ ಉತ್ತರಗಳಿದ್ದವು, ವಾರದಿಂದ ಮಸೆದಿಟ್ಟ ಉತ್ತರಗಳು. ಅಪ್ಪನ ಕಟ್ಟೆ ಎಂದರೆ ಅಪ್ಪ ನನಗೂ ಅಪ್ಪ ಎನ್ನಬಹುದಿತ್ತು. ನನ್ನನ್ನು ಕೇಳಬೇಕಿತ್ತು ಎಂದರೆ ನೀವಿಬ್ಬರೂ ನನ್ನನ್ನು ಯಾವತ್ತು ಕೇಳಿದಿರಿ ಎನ್ನಬಹುದಿತ್ತು. ಆದರೆ ಅಣ್ಣ ಬಯ್ಯಲಿಲ್ಲ. ವಾಲಿದ ಲಿಫ್ಟಿನ ಕಡೆಗೆ ಇನ್ನೊಮ್ಮೆ ನೋಡಿ, ತೀರ ಸೌಮ್ಯವಾಗಿ, "ಭಾನುವಾರ ಹಾಕಿದಾಗ ನೆಟ್ಟಗೇ ಇತ್ತು ಅನ್ಸತ್ತೆ. ಆಮೇಲೆ ಕುಸಿದಿರ್ಬೇಕು" ಎಂದ.

ಗೇಲನ್ ಅಣ್ಣನ ಮುಖ ನೋಡಿದ. ಅದರಲ್ಲಿ ವ್ಯಂಗ್ಯವಿರಲಿಲ್ಲ. ಕೊಳಕಾದ ಮಗುವಿಗೆ ತಾಯಿ ಒಗೆದ ಬಟ್ಟೆಯನ್ನು ಚಾಚುವಂತೆ ಆರ್ವಿಡ್ ಆ ವಾಕ್ಯವನ್ನು ಚಾಚಿ ಹಿಡಿದಿದ್ದ. ಉಡುಪಿನ ತುಂಬ ನೀರು, ಕೂದಲಲ್ಲಿ ಪಾಚಿ, ದಂಡೆಯಲ್ಲಿ ಬಿಚ್ಚಿ ಬಿಸಾಡಿದ ರಟ್ಟಿನ ಪೆಟ್ಟಿಗೆಗಳು, ಅವುಗಳ ಮೇಲೆ ನಿನ್ನೆಯ ತಾರೀಖು. ಇವೆಲ್ಲದರ ನಡುವೆ ನಿಂತು ಆ ಬಟ್ಟೆಯನ್ನು ತೊಡದೆ ಬೇರೆ ದಾರಿಯಿರಲಿಲ್ಲ.

"ಹೌದು" ಎಂದ ಗೇಲನ್. "ಆಮೇಲೆ ಕುಸೀತು."

"ಆಗತ್ತೆ ಹಾಗೆ" ಎಂದ ಆರ್ವಿಡ್, ಮತ್ತು ಕಟ್ಟೆಯ ಮೇಲೆ ಕಾಲಿಟ್ಟ.

"ಆರ್ವಿಡ್! ಡಾಕ್ಟ್ರು ಏನಂದಿದ್ರು?"

"ನೀರಿಗಿಳೀಬೇಡ ಅಂದಿದ್ರು. ಇದು ನೀರಲ್ಲ ಮಾರ್ಲಿಸ್, ಅಲ್ಯೂಮಿನಿಯಂ."

"ನಿನ್ನ ಎದೆಯ ಹೊಲಿಗೆ ಬಿಚ್ಚಿದ್ರೆ ಹೊಲಿಯೋದು ನಾನಲ್ಲ, ನೆನಪಿರ್ಲಿ" ಎಂದು ಗೊಣಗುತ್ತ ಅವಳು ಪಾತ್ರೆಯೊಂದಿಗೆ ಮನೆಯೊಳಗೆ ಹೋದಳು. ಆರ್ವಿಡ್ ಮೆಲ್ಲಗೆ ನಡೆದು ಬಂದ. ಕಟ್ಟೆಯ ಓರೆ ಅವನ ಪಾದಗಳಿಗೆ ತಿಳಿದದ್ದನ್ನು ಗೇಲನ್ ಕಂಡ. ಅವನು ಒಂದು ಹೆಗಲನ್ನು ತುಸು ಇಳಿಸಿ ಅದನ್ನು ಸರಿದೂಗಿಸಿಕೊಂಡು, ಏನೂ ಆಗದವನಂತೆ ನಡೆದ. ಲಿಫ್ಟಿನ ಪಕ್ಕಕ್ಕೆ ಬಂದು ನಿಂತು, "ಮೊದ್ಲು ಭಾರ ಇಳಿಸು. ದೋಣಿ ಮಗುಚಲ್ಲ, ನಾನು ಹಗ್ಗ ಹಿಡ್ಕೋತೀನಿ" ಎಂದ. "ಆಮೇಲೆ ಅದನ್ನ ದಡದ ಕಡೆ ಒಂದು ಮಾರು ಎಳಿ. ಈ ಜಾಗದಲ್ಲಿ ಮೊದ್ಲಿಂದ್ಲೂ ಕೆಸರು. ಅಲ್ಲಿ ಮರಳಿದೆ." ಮೊದಲಿಂದಲೂ. ಗೇಲನ್ ಹಲ್ಲು ಕಚ್ಚಿದ. ಮೊದಲಿಂದಲೂ ಗೊತ್ತಿದ್ದದ್ದನ್ನು ಒಂದು ಸಲವಾದರೂ ಹೇಳಬಹುದಿತ್ತು. ತಾನೂ ಒಂದು ಸಲವಾದರೂ ಕೇಳಬಹುದಿತ್ತು. ಅವನು ಚಕ್ರದ ಕೊಕ್ಕೆ ಬಿಡಿಸಿ ದೋಣಿಯನ್ನು ಅಂಗುಲ ಅಂಗುಲವಾಗಿ ಇಳಿಸಿದ. ಅದು ಮಗುಚಲಿಲ್ಲ, ತೇಲಿತು, ಆರ್ವಿಡ್ ಹಗ್ಗ ಎಳೆದು ಕಟ್ಟೆಗೆ ಕಟ್ಟಿದ. ಖಾಲಿಯಾದ ಲಿಫ್ಟು ನೀರಿನಲ್ಲಿ ಅಷ್ಟೇನೂ ಭಾರವಿರಲಿಲ್ಲ. ಗೇಲನ್ ನಾಲ್ಕನೆಯ ಕಾಲನ್ನು ಕೆಸರಿನಿಂದ ಕಿತ್ತ; ಅದು ಬಿಡುವಾಗ ಎಮ್ಮೆ ಕೆಸರಿನಿಂದೇಳುವ ಸದ್ದಾಯಿತು. ದಡದ ಕಡೆಗೆ ಎಳೆದ. ಪಾದದ ಕೆಳಗೆ ನೆಲ ಗಟ್ಟಿಯಾದದ್ದು ರಬ್ಬರಿನ ಮೂಲಕವೂ ತಿಳಿಯಿತು. ನಾಲ್ಕೂ ಕಾಲು ಕೂತವು. ಕೂತವು ಕೂತಂತೆಯೇ ಇದ್ದವು. ಇಡೀ ದಿನ ಅವನು ತಪ್ಪು ಜಾಗದಲ್ಲಿ ನಿಂತು ಸರಿಯಾದ ಕೆಲಸ ಮಾಡಿದ್ದ. ಸರಿಯಾದ ಜಾಗ ಕೈಗೆಟುಕುವಷ್ಟು ಹತ್ತಿರವಿತ್ತು, ಮತ್ತು ಅದು ಅಣ್ಣನ ಬಳಿಯಿತ್ತು.

ದೋಣಿಯನ್ನು ಮತ್ತೆ ತೊಟ್ಟಿಲಿನ ಮೇಲೆ ತಂದು ನಿಲ್ಲಿಸಿ ಅವನು ಕಟ್ಟೆಗೆ ಹತ್ತಿದಾಗ ಆರ್ವಿಡ್ ಆಗಲೇ ಚಕ್ರದ ಮುಂದೆ ನಿಂತು ಅದರ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದ.

"ಬೇಡ ಆರ್ವಿಡ್."

"ಬಾ, ಒಟ್ಟಿಗೆ ಎಳೆಯೋಣ."

"ಒಬ್ನೇ ಮಾಡ್ತೀನಿ. ಆಗ್ಲೂ ಒಬ್ನೇ ಮಾಡ್ದೆ."

"ನೋಡ್ದೆ ಹೇಗೆ ಮಾಡ್ದೆ ಅಂತ" ಎಂದು ಆರ್ವಿಡ್ ನಕ್ಕ. ಅಂದು ಅವನು ಬಿಚ್ಚಿ ಆಡಿದ ಒಂದೇ ಚುಚ್ಚುಮಾತು ಅದು. ಅದರಿಂದ ಗೇಲನ್‌ಗೆ ಅಷ್ಟೊಂದು ಹಿತವಾಗುವುದೆಂದು ಅವನೇ ಎಣಿಸಿರಲಿಲ್ಲ. ಅವನು ಅಣ್ಣನ ಪಕ್ಕದಲ್ಲಿ ನಿಂತು ಚಕ್ರ ಹಿಡಿದ. ಹೆಗಲಿಗೆ ಹೆಗಲು ತಾಗಿತು. "ಹೂಂ, ಎಳಿ" ಎಂದ ಆರ್ವಿಡ್. ಇಬ್ಬರೂ ಎಳೆದರು. ಚಕ್ರ ತಿರುಗಿತು, ಹಗ್ಗ ಬಿಗಿಯಿತು, ದೋಣಿ ಎದ್ದಿತು. "ಹೂಂ, ಎಳಿ." ಅಣ್ಣನ ಉಸಿರು ಕಿವಿಯ ಹತ್ತಿರ ಸಿಳ್ಳೆಯಂತೆ ಬರುತ್ತಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಮುಖ ಶ್ರಮದಿಂದ ಕೆಂಪಾಗಿತ್ತು. ಆದರೆ ಮೊದಲು ಒಬ್ಬನೇ ಎಳೆದಾಗ ತೋಳುಗಳಿಗೆ ಬಂದ ಭಾರ ಎಷ್ಟೋ ಈಗಲೂ ಅಷ್ಟೇ ಬರುತ್ತಿದೆಯೆಂದು ಗೇಲನ್‌ಗೆ ತಿಳಿಯಿತು. ಅರ್ಧವಾಗಬೇಕಾದದ್ದು ಅರ್ಧವಾಗಿರಲಿಲ್ಲ. ನಂಬಲಾಗಲಿಲ್ಲ. ಗಾಜನ್ನು ಬೆಳಕಿಗೆ ಹಿಡಿದು ನೋಡುವ ಅವನ ಹಳೆಯ ಚಟ ಇಲ್ಲಿಯೂ ಬಿಡಲಿಲ್ಲ. ಖಚಿತವಾಗಿ ತಿಳಿಯಬೇಕೆಂದು, ಒಂದು ಕ್ಷಣ, ತನ್ನ ಹಿಡಿತವನ್ನು ಅವನು ಸಡಿಲಿಸಿದ. ಚಕ್ರ ಹಿಂದಕ್ಕೆ ಹೊರಳಿತು. ಅದರೊಂದಿಗೆ ಅಣ್ಣನ ಕೈಗಳು, ಕೈಗಳೊಂದಿಗೆ ತೋಳುಗಳು, ತೋಳುಗಳೊಂದಿಗೆ ಇಡೀ ಅಣ್ಣ, ಹಗ್ಗಕ್ಕೆ ಒಣಹಾಕಿದ ಅಂಗಿ ಗಾಳಿಗೆ ಹೋಗುವಂತೆ ಒಂದಿ‌ಷ್ಟೂ ತಡೆಯಿಲ್ಲದೆ ಮುಂದಕ್ಕೆ ಹೋದ. ಗೇಲನ್ ಚಕ್ರವನ್ನು ತಟ್ಟನೆ ಹಿಡಿದು ನಿಲ್ಲಿಸಿದ. ಹಿಡಿದ ರಭಸಕ್ಕೆ ಮುಂಗೈ ಉಳುಕಿತು. ದೋಣಿ ಒಮ್ಮೆ ಕುಲುಕಿ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ನೀರನ್ನು ನೋಡಿದರು.

"ಬಿಗಿಯಾಗಿದೆ" ಎಂದ ಆರ್ವಿಡ್.

"ಹೊಸದಲ್ವಾ" ಎಂದ ಗೇಲನ್. "ಪಳಗೋವರೆಗೂ ಹಾಗೇ ಅಂತೆ. ಅಂಗಡಿಯವನು ಹೇಳ್ದ."

ಅಂಗಡಿಯವನು ಅಂಥದ್ದೇನೂ ಹೇಳಿರಲಿಲ್ಲ.

"ಹಾಗಾ. ಹೂಂ, ಎಳಿ" ಎಂದ ಆರ್ವಿಡ್.

ಗೇಲನ್ ಎಳೆದ. ಈಗ ಅವನು ಅಣ್ಣನ ದನಿಗೆ ಸರಿಯಾಗಿ ಎಳೆಯುತ್ತಿದ್ದ. ಅಣ್ಣ ಉಸಿರು ತೆಗೆದುಕೊಳ್ಳಲು ನಿಂತಾಗ ತನಗೇ ದಣಿವಾದವನಂತೆ ನಿಲ್ಲುತ್ತಿದ್ದ. ಚಕ್ರದ ಮೇಲೆ ನಾಲ್ಕು ಕೈಗಳಿದ್ದವು. ದೋಣಿ, ಅದರ ಮೋಟಾರು, ತೊಟ್ಟಿಲು, ತಂತಿಹಗ್ಗ, ಅದಕ್ಕೆ ಜೋತುಬಿದ್ದ ಅಣ್ಣನ ಎರಡು ತೋಳುಗಳು, ಎಲ್ಲವೂ ಅವನೊಬ್ಬನ ಬೆನ್ನುಹುರಿಯ ಮೂಲಕ ಹಾದುಹೋಗುತ್ತಿದ್ದವು. ಈ ಕಟ್ಟೆ, ಈ ದಂಡೆ, ಇನ್ನು ಬರುವ ವಸಂತಗಳೆಲ್ಲ ತನಗೆ ಬೇಕಾದ ಹಾಗೆ ಎಂದು ಅವನಿಗೆ ಅರ್ಥವಾಯಿತು. ಅದು ತಡೆಯಲಾಗದಷ್ಟು ಭಾರವಿತ್ತು. ಕೊನೆಯ ಸುತ್ತು ಮುಗಿದು ದೋಣಿ ಮೇಲೆ ಮುಟ್ಟಿದಾಗ ಆರ್ವಿಡ್ ಬಾಗಿ ಕೊಕ್ಕೆಯನ್ನು ಚಕ್ರದ ಹಲ್ಲಿಗೆ ಹಾಕಿದ. ಮೊದಲನೆಯ ಸಲ ಅದು ಜಾರಿತು, ಎರಡನೆಯ ಸಲ ಕೂತಿತು.

"ಇದು ಒಬ್ಬನ ಕೈಲಾಗೋ ಕೆಲಸ ಅಲ್ಲ ಬಿಡು" ಎಂದ ಆರ್ವಿಡ್, ಏದುಸಿರು ಬಿಡುತ್ತ.

"ಅಲ್ಲ" ಎಂದ ಗೇಲನ್.

ಅವನು ಚಕ್ರದಿಂದ ಕೈ ತೆಗೆದ. ಅಂಗೈಗಳಲ್ಲಿ ಉಕ್ಕಿನ ಅಂಚಿನ ಗೆರೆ ಕೆಂಪಗೆ, ಬರೆ ಹಾಕಿದಂತೆ ಮೂಡಿತ್ತು. ಒಂದು ಕಡೆ ಚರ್ಮ ಕಿತ್ತಿತ್ತು. ಪಕ್ಕದಲ್ಲಿ ಆರ್ವಿಡ್ ಕೂಡ ಕೆಲಸ ಮುಗಿಸಿದವರೆಲ್ಲರೂ ಮಾಡುವಂತೆ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಅವು ಬೆಳ್ಳಗಿದ್ದವು. ಒಂದು ಗೀರೂ ಇರಲಿಲ್ಲ. ಅವನು ಅವುಗಳನ್ನು ಬಹಳ ಹೊತ್ತು ನೋಡಿದ, ಆಮೇಲೆ ತಮ್ಮನ ಕೈಗಳನ್ನು ನೋಡಿದ, ಆಮೇಲೆ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನೊಳಗೆ ಇಳಿಸಿದ. ಮನೆಯಿಂದ ಮಾರ್ಲಿಸ್ ಊಟಕ್ಕೆ ಕರೆದಳು. ಕಟ್ಟೆಯ ಓರೆಗೆ ಹೆಗಲನ್ನು ತಗ್ಗಿಸಿಕೊಂಡು, ಕೈಗಳನ್ನು ಹೊರಗೆ ತೆಗೆಯದೆಯೇ ಆರ್ವಿಡ್ ದಡದ ಕಡೆಗೆ ನಡೆದ. ಗೇಲನ್ ಅವನ ಹಿಂದೆ, ಬೀಳುವವನನ್ನು ಹಿಡಿಯಲು ಬೇಕಾದಷ್ಟು ಹತ್ತಿರದಲ್ಲಿ, ಹಾಗೆ ಕಾಣದಷ್ಟು ದೂರದಲ್ಲಿ ನಡೆದ.